ಆರು ಟೀ

ಚಿಂತಾಮಣಿ, ಸ್ಟೇಷನ್ ಎದುರಿಗೇ ನನ್ನ ಟೀ ಗಾಡಿ.
ಒಳಗೆ ಏನು ನಡೆಯಿತೆಂದು ಕೇಳಬೇಡಿ,
ಎಷ್ಟು ಟೀ ಹೋಯಿತು ಅಂತ ಕೇಳಿ.

ಕುಡಿದು ಜೀಪು ಗುದ್ದಿಸಿದ ರೆಡ್ಡಿಯವರ ಹುಡುಗನಿಗೆ
ಸ್ಟ್ರಾಂಗು, ಸಕ್ಕರೆ ಕಮ್ಮಿ,
ಮೇಲೆ ಎರಡು ಉಪ್ಪು ಬಿಸ್ಕತ್ತು.
ದುಡ್ಡಿರೋರು, ಬಿಡಿ, ಅಂದುಕೊಂಡೆ.

ಆಮೇಲೊಮ್ಮೆ ಛತ್ರದ ಅಡುಗೆ ಸೀತಾರಾಮಯ್ಯ,
ತುಪ್ಪದ ಡಬ್ಬ ಕದ್ದವರು, ಕಾಲಲ್ಲಿ ಚಪ್ಪಲಿಯೂ ಇಲ್ಲ.
"ಕೂತ್ಕೊಳ್ಳಿ ಸ್ವಾಮಿ" ಎಂದು ಕುರ್ಚಿ ಎಳೆದ ಸದ್ದು
ರಸ್ತೆ ದಾಟಿ ನನಗೇ ಕೇಳಿಸಿತು.
ಆ ಟೀ ಇನ್ನೂ ಸಾಲದ ಪುಸ್ತಕದಲ್ಲಿದೆ, ಸಾಹೇಬರ ಹೆಸರಲ್ಲಿ.

ಬಡವರಿಗೆಲ್ಲಿ ನ್ಯಾಯ ಎಂಬ ನನ್ನ ಹಳೇ ಮಾತು
ಅವತ್ತಿನಿಂದ ಸಡಿಲ ಹಲ್ಲಿನ ಹಾಗೆ ಅಲ್ಲಾಡುತ್ತಿದೆ.

ನಿನ್ನೆ ಕೊರಮರ ಗಂಗುಲಪ್ಪ.
ಅವನಪ್ಪ ಬುಟ್ಟಿ ಹೆಣೆಯುತ್ತಿದ್ದ ಕಾಲಕ್ಕೆ
"ತಿನ್ನಕ್ಕಿಲ್ಲ, ಕದ್ದಿರ್ತಾನೆ" ಅಂತ ಎಳೆದೊಯ್ಯುತ್ತಿದ್ದರು.
ಇವನು ಟೊಮೇಟೊ ಸಾಗಿಸಿ ಸ್ವಂತ ಗಾಡಿ ಕೊಂಡ,
ಆರ್‌ಸಿ, ಇನ್ಶೂರೆನ್ಸು ಎಲ್ಲಾ ಪ್ಲಾಸ್ಟಿಕ್ ಕವರಿನಲ್ಲಿ.
"ತಿನ್ನಕ್ಕೈತೆ. ಎಲ್ಲಿಂದ ಬಂತೋ?"

ಐನೂರರ ನೋಟು ಅವನೇ ಕೊಟ್ಟ.
"ಎಲ್ಲಾರ್ಗೂ ಟೀ ತಗೊಂಬಾ ಅಣ್ಣಾ."
ಒಳಗಿದ್ದವರು ಏಳು ಜನ.
ಕಿಟಕಿಯಲ್ಲಿ ರೈಟರು ಕೈ ಎತ್ತಿದ:
ಒಂದು ಹಸ್ತ, ಒಂದು ಬೆರಳು.

ಆರೇ ಒಯ್ದೆ.
ಗೋಡೆಗೆ ಒರಗದೆ ಗೋಡೆ ಪಕ್ಕ ನಿಂತಿದ್ದ.
ಚಿಲ್ಲರೆ ಎಣಿಸಿ ಕೊಟ್ಟೆ, ಸರಿಯಾಗಿತ್ತು.
ತಿರುಗಿ ಬಂದಾಗ ಪಾತ್ರೆಯಲ್ಲಿ
ಇನ್ನೊಂದು ಲೋಟದಷ್ಟು ಉಳಿದಿತ್ತು.

ನೋಡುತ್ತಾ ನಿಂತೆ.
ಕೆನೆ ಕಟ್ಟಿತು.