ನೂರಾ ಐದು

ಭದ್ರಾವತಿಯ ಹಳೇ ಸೇತುವೆ ದಾಟಿದರೆ ಎಡಕ್ಕೊಂದು ಕಲ್ಯಾಣ ಮಂಟಪ.
ಧಾರೆ ಎರೆಯುವ ಜಾಗಕ್ಕೆ ಹಲಗೆ ಜೋಡಿಸಿ
ಮೇಲೆ ಲಾರಿಯ ಟಾರ್ಪಾಲು ಬಿಗಿದು
ಮೂಲೆಗೊಂದು ಕಬ್ಬಿಣದ ಕಂಬ ನೆಟ್ಟು
(ಗುಜರಿಯಿಂದ ಕೆಜಿ ಲೆಕ್ಕದಲ್ಲಿ ತಂದದ್ದು)
ಇದೇ ರಿಂಗು ಎಂದರು ಜಂಬಯ್ಯನವರು.
ಬೆಳಿಗ್ಗೆ ಆರಕ್ಕೆ ಯಾರದೋ ಮುಹೂರ್ತ,
ರಾತ್ರಿ ಹನ್ನೊಂದಕ್ಕೆಲ್ಲ ಬಿಚ್ಚಬೇಕು, ಕರಾರು.

ಜಂಬಯ್ಯನವರೆಂದರೆ ಊರಿಗೆ ಕೇಬಲ್ಲು.
ಹೊಸಮನೆಯಿಂದ ನ್ಯೂಟೌನಿನವರೆಗೆ
ಅವರ ತಂತಿ ಹಾಯದ ಮಾಡಿಲ್ಲ.
ನಾಟಕ ಆಡಿಸಿ ಕೈ ಸುಟ್ಟುಕೊಂಡರು, ಆಮೇಲೆ ಕಬಡ್ಡಿ,
ಈಗ ಬಾಕ್ಸಿಂಗು.
"ಜನಕ್ಕೆ ಹೊಡೆದಾಟ ಬೇಕು ಕಣವ್ವ,
ನಮಗೆ ಬೇಕಾದ್ದು ಹೊಡೆದಾಟದ ಸಂದು."

ಸಂದು ಎಂದರೆ ಒಂದು ನಿಮಿಷ.
ಮೂರು ನಿಮಿಷ ಪೆಟ್ಟು, ಒಂದು ನಿಮಿಷ ಉಸಿರು,
ಎಂಟು ಸುತ್ತಿಗೆ ಏಳು ಸಂದು.
ಒಂದೊಂದರಲ್ಲಿ ಹದಿನೈದು ಸೆಕೆಂಡಿನವು ನಾಲ್ಕು ಹಿಡಿಸುತ್ತವೆ.
ಅವರು ಆರು ಮಾರಿದ್ದರು.

ಊಟದ ಹಾಲಿನ ಬಾಗಿಲಲ್ಲಿ ನನ್ನ ಟೇಬಲ್ಲು,
ಮೂರು ಕ್ಯಾಮೆರಾ, ಸಾಲು ಗುಂಡಿ.
ಗಂಟೆ ಹೊಡೆಯಲು ಕೂತ ಡ್ರಿಲ್ ಮೇಷ್ಟ್ರು
ಗಡಿಯಾರ ನೋಡುತ್ತಿರಲಿಲ್ಲ,
ನನ್ನ ಕೈ ನೋಡುತ್ತಿದ್ದರು.
ಬೋರ್‌ವೆಲ್ಲು, ಬಂಗಾರದಂಗಡಿ, ಚೀಟಿ ಕಂಪನಿ,
ಟ್ಯೂಷನ್ನು, ಹಾರ್ಡ್‌ವೇರು,
ಕೊನೆಗೆ ಮೂಲವ್ಯಾಧಿಯ ಡಾಕ್ಟರು ಕೈಮುಗಿದು ನಕ್ಕ ಮೇಲೆ
ನಾನು ಕೈ ಎತ್ತಬೇಕು.
ಆಗ ಢಣ್.

ಸೆಲ್ವಮಣಿ ಪೇಪರ್‌ಟೌನಿನವನು,
ಪೋಸ್ಟರಿನಲ್ಲಿ 'ಭದ್ರೆಯ ಸಿಡಿಲು'.
ಎದುರಾಳಿ ಹೊಸದುರ್ಗದ ಕಡೆಯ ತಿಪ್ಪೇಸ್ವಾಮಿ,
ಸಿಮೆಂಟು ಗೋದಾಮಿನ ಹಮಾಲಿ.
ಅವನ ಹೆಸರಿಗೆ ಯಾವ ಸಿಡಿಲೂ ಇಲ್ಲ,
ಜಾಗ ಸಾಲದೆ ಇನಿಷಿಯಲ್ಲನ್ನೂ ಬಿಟ್ಟಿದ್ದರು.
ಜೊತೆಗೆ ಯಾರೂ ಬಂದಿರಲಿಲ್ಲ,
ನೀರು ಕೊಡಲು ನಮ್ಮ ಕೇಬಲ್ ಹುಡುಗನನ್ನೇ ಕಳಿಸಿದೆವು.

ನಾಲ್ಕನೇ ಸುತ್ತಿನ ಕೊನೆಗೆ
ಸೆಲ್ವಮಣಿಯ ಪಕ್ಕೆಲುಬಿನ ಕೆಳಗೆ ಬಿತ್ತು ಒಂದು.
ಸದ್ದೇ ಬರಲಿಲ್ಲ.
ಒದ್ದೆ ಚೀಲ ನೆಲಕ್ಕಿಟ್ಟ ಹಾಗೆ ಅವನ ಮಂಡಿ ಮಡಿಚಿತು.
ಗಂಟೆ ಉಳಿಸಿತು.
ನಾನು ಬೋರ್‌ವೆಲ್ ಹಾಕಿದೆ.

ಪ್ರಸಾರಕ್ಕೆ ಹೋಗದ ಎರಡನೇ ಕ್ಯಾಮೆರಾದಲ್ಲಿ
ತಿಪ್ಪೇಸ್ವಾಮಿ ಸ್ಟೂಲಿನ ತುದಿಗೆ ಕೂತಿದ್ದ.
ತುಟಿ ಅಲ್ಲಾಡುತ್ತಿತ್ತು.
ಮಂತ್ರ ಅಂದುಕೊಂಡೆ.
ಅಲ್ಲ, ಎಣಿಸುತ್ತಿದ್ದ.
ಐವತ್ತೊಂಬತ್ತು, ಅರವತ್ತು, ಎದ್ದು ನಿಂತ.
ಅರವತ್ತೊಂದು.
ರೆಫರಿ ಕೂರು ಎಂದರು. ಕೂರಲಿಲ್ಲ.
ಬೆವರು ಆರಿ ಮೈ ಬಿಗಿಯುವುದು ಪರದೆಯಲ್ಲೇ ಕಾಣುತ್ತಿತ್ತು.
ಆಚೆ ಮೂಲೆಯಲ್ಲಿ ಸೆಲ್ವಮಣಿಯ ಹೊಟ್ಟೆಗೆ ಐಸು, ಹುಬ್ಬಿಗೆ ವ್ಯಾಸಲೀನು.
ಡಾಕ್ಟರು ಕೈಮುಗಿದರು. ತೊಂಬತ್ತು.
ನನ್ನ ಕೈ ಅರ್ಧ ಎದ್ದಿತ್ತು,
ಕಿವಿಯ ಹಿಂದೆ ಜಂಬಯ್ಯನವರ ಎಲೆಅಡಿಕೆಯ ಉಸಿರು:
"ಇನ್ನೊಂದು ಸಲ ಹಾಕು."
ಹಾಕಿದೆ.

ಆಮೇಲಿನದು ಊರಿಗೆಲ್ಲ ಗೊತ್ತು.
ಪಾಯಿಂಟಿನ ಮೇಲೆ ಸಿಡಿಲು ಗೆದ್ದಿತು,
ಹೂವಿನ ಹಾರ, ಪಟಾಕಿ,
ಮುಂದಿನ ಪಂದ್ಯಕ್ಕೆ ಆಗಲೇ ಬಂಗಾರದಂಗಡಿಯ ಮುಂಗಡ.

ಲಕೋಟೆ ಕೊಡುವುದೂ ನನ್ನ ಕೆಲಸವೇ.
ಒಂಬತ್ತು ಸಾವಿರದಲ್ಲಿ ಊಟ, ರೂಮು, ಗ್ಲೌಸಿನ ಬಾಡಿಗೆ ಕಳೆದು
ಆರು ಸಾವಿರದ ನಾನೂರು.
ತಿಪ್ಪೇಸ್ವಾಮಿ ಎರಡು ಸಲ ಎಣಿಸಿ ಜೇಬಿಗಿಟ್ಟ.
"ಅಕ್ಕಾ, ಆ ಡಾಕ್ಟ್ರದ್ದು ಎಷ್ಟು ಸೆಕೆಂಡು?"
"ಹದಿನೈದು."
"ಎರಡನೇ ಸಲದ್ದಕ್ಕೂ ದುಡ್ಡು ಬಂತಾ?"
ಇಲ್ಲ ಎಂದೆ.
"ಹಂಗಾದ್ರೆ ಅದು ನನ್ನ ಲೆಕ್ಕಕ್ಕೆ"
ಎಂದು ನಕ್ಕ, ಒಡೆದ ತುಟಿ ಮತ್ತೆ ಒಡೆಯಿತು.
ಹಿಂದೆ, ಇನ್ನೂ ಬಿಚ್ಚದ ಕಂಬಕ್ಕೆ
ಮದುವೆಯವರು ಬಾಳೆಕಂದು ಕಟ್ಟುತ್ತಿದ್ದರು.

ಭಾನುವಾರ ಮರುಪ್ರಸಾರ.
ಜಾಹೀರಾತು ತೆಗೆದು ಸುತ್ತಿಗೆ ಸುತ್ತು ನಾನೇ ಅಂಟಿಸಿದೆ.
ಎಷ್ಟು ಸಲ ನೋಡಿದರೂ ಅಷ್ಟೇ:
ಕೂರಲು ಬಗ್ಗಿದವನು
ಕೂರುವ ಮೊದಲೇ ಎದ್ದು ನಿಂತಿದ್ದಾನೆ.