ಎಂಬತ್ತೊಂಬತ್ತು ರೂಪಾಯಿ

ಹಗಲೆಲ್ಲ ದರ ಏರಲಿ ಅಂತ ಕಾಯುತ್ತೇನೆ,
ರಾತ್ರಿ, ದರ ಇಳಿಯಲಿ ಅಂತ.

ಸಂಜೆ ಆರಕ್ಕೆ ಸುಂಟಿಕೊಪ್ಪದ ವ್ಯಾಪಾರಿಯ ಸಂದೇಶ:
ಚೆರಿ ಇಷ್ಟು, ಪಾರ್ಚ್‌ಮೆಂಟ್ ಇಷ್ಟು,
ನಿನ್ನೆಗಿಂತ ನೂರು ಕಮ್ಮಿ.
ಇನ್ನೊಂದು ವಾರ ನೋಡೋಣ.
ಅದೇ ಬೆರಳು ಒಂಬತ್ತಕ್ಕೆ ಬೇರೆ ಪಟ್ಟಿ ತೆರೆಯುತ್ತದೆ:
ಹತ್ತು ವರ್ಷ ಹಳೆಯ ಆಟ, ಎರಡು ಸಾವಿರಕ್ಕೆ ಗೀಟು ಹೊಡೆದು
ಪಕ್ಕದಲ್ಲಿ ನೂರಾ ಇಪ್ಪತ್ತು.
ಇನ್ನೊಂದು ವಾರ ನೋಡೋಣ.

ಕಣದ ಮೂಲೆಯಲ್ಲಿ ನಲವತ್ತು ಮೂಟೆ,
ನೀಲಿ ಟಾರ್ಪಾಲು ಹೊದ್ದು.
ಹೋದ ಮಾಗಿಯಲ್ಲಿ ಪಕ್ಕದ ಉತ್ತಯ್ಯನ ಕಣದಿಂದ
ಹನ್ನೊಂದು ಮೂಟೆ ನಡೆದು ಹೋದವು.
ನಾಯಿ ಬೊಗಳಲಿಲ್ಲ; ಒಣಮೀನು ಹಾಕಿದ್ದರಂತೆ.
ಅಂದಿನಿಂದ ಗರಗಂದೂರಿನ ಗಂಡಸರಿಗೆ
ನಿದ್ದೆ ಒಂದು ಬಾಕಿ ಲೆಕ್ಕ.
ಉತ್ತಯ್ಯ ರೇಡಿಯೋ ಇಟ್ಟುಕೊಂಡ. ಕೆಲವರು ರಮ್ಮಿ, ಕೆಲವರು ಬರೀ ರಮ್ಮು.
ನನಗೆ, ಮಡಿಕೇರಿಯ ರಿಪೇರಿ ಹುಡುಗ
'ಹೊಸದು ಯಾವುದೂ ಇದರಲ್ಲಿ ಓಡಲ್ಲ ಸಾರ್' ಎಂದು
ಕೈ ಮುಗಿದು ಕಳಿಸಿದ ಈ ಡಬ್ಬ.
ಅದರ ಫ್ಯಾನು, ಸೆಕೆಂಡ್ ಗೇರಿನಲ್ಲಿ
ಗುಡ್ಡ ಹತ್ತುವ ಜೀಪು.

ಅದಕ್ಕೇ ಹಳೆಯವು. ಬಡತನಕ್ಕಲ್ಲ.
ಸ್ವಲ್ಪ ಬಡತನಕ್ಕೂ ಹೌದು.
ಹಳೆಯ ಆಟದ ತಪ್ಪುಗಳನ್ನು ಯಾರೋ ಆಗಲೇ ತಿದ್ದಿದ್ದಾರೆ,
ಹೊಗಳುವವರೂ ಬೈಯುವವರೂ ದಣಿದು ಮಲಗಿದ್ದಾರೆ.
ಸಂತೆ ಏಳುವ ಹೊತ್ತಿಗೆ, ಗೋಣಿ ಮಡಚುತ್ತ,
ಗುಡ್ಡೆಗೆ ಹತ್ತು ಅನ್ನುತ್ತಾಳಲ್ಲ ಮುದುಕಿ,
ಆ ಸೌತೆಕಾಯಿಗೇನು ರುಚಿ ಕಮ್ಮಿಯೆ?

ಜೊತೆಗೆ ಕಾವಲಿಗೆ ಜಹಿರುಲ್, ಅಸ್ಸಾಮಿನವನು.
ವಯಸ್ಸು ಕೇಳಿದರೆ ಒಮ್ಮೆ ಇಪ್ಪತ್ತು, ಒಮ್ಮೆ ಇಪ್ಪತ್ತಮೂರು.
ಕಂಬಳಿ ಅವನದು, ಕೆಂಡ ನನ್ನದು,
ಹಿಂದಿ ಇಬ್ಬರದೂ ಅಲ್ಲ.
ನಾನು ಪಟ್ಟಿ ಸರಿಸುತ್ತೇನೆ,
ಅವನು ಚಿತ್ರ ನೋಡಿ ತೀರ್ಪು ಕೊಡುತ್ತಾನೆ.

ಕತ್ತಿ ಹಿಡಿದ ಮೂಳೆಗಳ ದಂಡು: ರಾತ್ರಿ ಹೊತ್ತು ಬೇಡ.
ಕಾರಿನ ಪಂದ್ಯ: ಚಳಿ ಬಿಡುವ ಮೊದಲೇ ಮುಗಿದುಹೋಗುತ್ತದೆ.
ಕಾಡಿನಲ್ಲಿ ಒಬ್ಬನೇ ಬದುಕಿ ಉಳಿಯುವ ಆಟ, ನೂರಕ್ಕೆ ಎಪ್ಪತ್ತು ಇಳಿಕೆ...
ಅಷ್ಟರಲ್ಲಿ ಕೆಳಗಿನ ಗದ್ದೆಯಂಚಿನಲ್ಲಿ
ಬಿದಿರು ಮುರಿದ ಸದ್ದು.
ಪರದೆಗೆ ಕಂಬಳಿ ಮುಚ್ಚಿ ಕೂತೆವು.
ಒಂದೋ, ಮರಿ ಸೇರಿ ಎರಡೋ,
ದಾಟಿ ಹೋಗಲು ಅರ್ಧ ಗಂಟೆ.
ಆಮೇಲೆ ಜಹಿರುಲ್ ಮೆಲ್ಲಗೆ ಅಂದ:
ಅದು ಬೇಡ ದಾದಾ. ಅದು ಇಲ್ಲಿ ಪುಕ್ಕಟೆ.

ಮುಂದಿನದು ಹೊಲದ ಆಟ. ದುಂಡು ಮುಖದ ಪುಟ್ಟ ರೈತ,
ಬುಟ್ಟಿ, ಬೇಲಿ, ಹಲ್ಲು ಕಿರಿದ ಸೂರ್ಯ, ಅರವತ್ತೊಂಬತ್ತು ರೂಪಾಯಿ.
ಇದರಲ್ಲೇನು ಮಾಡಬೇಕು?
ನೆಡಬೇಕು, ನೀರು ಹಾಕಬೇಕು, ಹಣ್ಣಾದರೆ ಕೊಯ್ಯಬೇಕು.
ಅವನು ಕೆಂಡದ ಬೆಳಕಿಗೆ ಬೆರಳು ಹಿಡಿದ,
ಹಣ್ಣಿನ ಅಂಟಿಗೆ ಕಪ್ಪಾದ ಉಗುರು.
ಕಿಲೋಗೆ ಐದು ಕೊಡುತ್ತೇನೆ ನಾನು.
ಅಲ್ಲಿ ನಾವೇ ಕೊಟ್ಟು ಕೊಯ್ಯಬೇಕಾ?
ಇಬ್ಬರೂ ನಕ್ಕೆವು.
ನಾನು ಸ್ವಲ್ಪ ಮೊದಲೇ ನಿಲ್ಲಿಸಿದೆ.

ಕೊನೆಗೆ ಒಂದು ಲಾರಿ, ಎಂಬತ್ತೊಂಬತ್ತಕ್ಕೆ.
ಹೊಡೆದಾಟವಿಲ್ಲ, ಗೆಲುವೂ ಇಲ್ಲ.
ಯಾವುದೋ ದೇಶದ ನುಣ್ಣನೆ ರಸ್ತೆ,
ಸರಕು ಹೇರು, ಹೋಗು, ಇಳಿಸು.
ಟವರು ಮಂಜಿನಲ್ಲಿ ಕಣ್ಣಾಮುಚ್ಚಾಲೆ ಆಡಿ
ನೂರಕ್ಕೆ ನಾಲ್ಕು, ಮತ್ತೂ ನಾಲ್ಕು, ಐದು,
ಮೂರು ರಾತ್ರಿ ಹಿಡಿಯಿತು ಅದು ಮನೆಗೆ ಬರಲು.

ಮೌಸು ಅವನ ಕೈಗೇ ಕೊಟ್ಟೆ.
ಗೋದಾಮಿನ ಗೇಟು ದಾಟಿ ಪೂರ್ವಕ್ಕೆ ತಿರುಗಿಸಿದ.
ಸರಕು ಇಳಿಸೋದು ಪಶ್ಚಿಮಕ್ಕೆ, ಅಂದೆ.
ಗೊತ್ತು, ಅಂದ.
ದಂಡ ಬೀಳುತ್ತದೆ.
ಬೀಳಲಿ.

ಟಾರ್ಪಾಲಿನ ಮೇಲೆ ಇಬ್ಬನಿ ತೊಟ್ಟಿಕ್ಕುತ್ತಿತ್ತು.
ನಕ್ಷೆಯ ಅಂಚಿನ ತನಕ ಓಡಿಸಿದ. ಅಲ್ಲಿ ರಸ್ತೆ
ಯಾರೋ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನಿಂತಿತ್ತು.
ಲಾರಿ ನಿಲ್ಲಿಸಿದ, ಹೆಡ್‌ಲೈಟು ಆರಿಸಲಿಲ್ಲ.
ಎದ್ದು, ಟಾರ್ಚು ಹಿಡಿದು,
ಕಣ ಒಂದು ಸುತ್ತು ಹಾಕಿ ಬಂದ.

ನಲವತ್ತೂ ಇದೆ, ಅಂದ.