ಮೂರನೆಯ ವಾರದ ಮಂಜು

ಪಠ್ಯಕ್ರಮದ ಹಾಳೆಯಲ್ಲಿ, ಮೂರನೆಯ ವಾರದ ಕೆಳಗೆ,
ಒಂದು ಪದಕ್ಕೆ ಕೆಂಪು ಗೆರೆ ಎಳೆದು ತಂದಳು ರಾನ್ವಾ.
ಸುದುರೋಯ್ ದ್ವೀಪದವಳು, ಕುರಿ ಸಾಕುವವರ ಮಗಳು,
ಎರಡು ತಾಸು ಹಡಗಿನಲ್ಲಿ ಕೂತು ಟೋರ್ಸ್‌ಹಾವ್ನ್‌ಗೆ ಬಂದವಳು,
ಹದಿನೈದು ದಿನದಿಂದ ತುಟಿ ಬಿಚ್ಚದವಳು.
"ಮಾರ್ಯುನ್, ಈ ಪದ ನಮ್ಮದಲ್ಲ."

ಕಿಟಕಿಯಾಚೆ ಬಂದರು ಕಾಣುತ್ತಿರಲಿಲ್ಲ.
ಬೆಟ್ಟದ ನೆತ್ತಿಯಲ್ಲಿ ಕೂತರೆ ಸ್ಕಡ್ಡಾ,
ಕಡಲಿನಿಂದ ಎದ್ದು ಬಂದರೆ ಮ್ಯೋರ್ಚಿ:
ಮಂಜಿಗೆ ನಮ್ಮಲ್ಲಿ ಹೆಸರಿನ ಬರವಿಲ್ಲ.
ಆದರೂ ನನ್ನ ಹಾಳೆಯಲ್ಲಿ ಇದ್ದದ್ದು
ಐಸ್‌ಲ್ಯಾಂಡಿನ ಕೋಟು ತೊಟ್ಟು
ಡೇನಿಶ್ ಗುಂಡಿ ಹಾಕಿಕೊಂಡ ಒಂದು ಪದ.
ನೋಡಲು ನೆಂಟನಂತಿತ್ತು. ನೆಂಟನಲ್ಲ.

ಪಾಠದ ಹೆಸರು ಕೇಳಿ:
ಯಂತ್ರದ ಮಾತನ್ನು ಓದುವುದು ಹೇಗೆ.
ಕಲಿಸುವವಳು ನಾನು.

ಸುಳ್ಳು ಹೇಳಬಹುದಿತ್ತು.
ಬೇಕೆಂದೇ ಇಟ್ಟಿದ್ದೆ, ಯಾರು ಹಿಡಿಯುತ್ತೀರೋ ನೋಡಲೆಂದು.
ನಾಲಿಗೆಯ ತುದಿಯವರೆಗೂ ಬಂದಿತ್ತು ಅದು,
ಯಂತ್ರದಷ್ಟೇ ನಯವಾಗಿ.
ನುಂಗಿಕೊಂಡೆ. ಹೇಳಿದೆ:
ಆಗಸ್ಟಿನ ಒಂದು ಭಾನುವಾರ, ರಾತ್ರಿ ಹತ್ತೂವರೆ,
ಒಲೆಯ ಮೇಲೆ ಆಲೂಗಡ್ಡೆ ಸೀಯುತ್ತಿತ್ತು,
ಬೆಳಗ್ಗೆ ಡೀನ್ ಕಚೇರಿಗೆ ಕಳಿಸಬೇಕಿತ್ತು.
ಕೇಳಿದೆ. ಕೊಟ್ಟಿತು. ಓದದೆ ಅಂಟಿಸಿದೆ.

ಹನ್ನೊಂದು ಜನ. ಯಾರೂ ನಗಲಿಲ್ಲ.
ಆಮೇಲೆ ಟ್ರೋಂದುರ್ ಫೋನು ತೆಗೆದು ಅದನ್ನೇ ಕೇಳಿದ:
ಈ ಪದ ತಪ್ಪಲ್ಲವೇ?
ತಪ್ಪು, ಕ್ಷಮಿಸಿ, ಎಂದಿತು ತಡಮಾಡದೆ.
ಅಲ್ಲ, ಸರಿಯೇ ಅಲ್ಲವೇ?
ಸರಿ, ನೀವು ಹೇಳಿದ್ದೇ ನಿಜ, ಎಂದಿತು ಅಷ್ಟೇ ವಿನಯದಿಂದ.
ಹೌದಪ್ಪನ ಚಾವಡಿಯಲ್ಲಿ ಹೌದಪ್ಪ,
ಅಲ್ಲಪ್ಪನ ಚಾವಡಿಯಲ್ಲಿ ಅಲ್ಲಪ್ಪ.
ಆಗ ನಕ್ಕರು. ನಾನೂ.

ನಿನಗೆ ಹೇಗೆ ತಿಳಿಯಿತು, ರಾನ್ವಾ?
ಕಿವಿಯವರೆಗೂ ಕೆಂಪಾದಳು.
"ತಿಳಿದದ್ದಲ್ಲ. ಕುರಿ ಇಳಿಸಲು ಹೋದಾಗ
ಅಪ್ಪ ಮಂಜಿನೊಳಗಿಂದ ಕೂಗುತ್ತಾನೆ,
ಯಾವ ಮಂಜು, ಎತ್ತ ಸರಿಯುತ್ತಿದೆ, ಎಲ್ಲಿ ನಿಲ್ಲಬೇಕು.
ಹೆಸರು ತಪ್ಪಿದರೆ ಕಾಲು ತಪ್ಪುತ್ತದೆ.
ಕೆಳಗೆ ಕಡಲು."

ಇದಕ್ಕೆ ಎಷ್ಟು ಅಂಕ ಕೊಡಲಿ?
ಮೌಲ್ಯಮಾಪನದ ಪಟ್ಟಿಯಲ್ಲಿ ಇದರ ಕಾಲಮ್ಮೇ ಇಲ್ಲ.

ಆ ಪದವನ್ನು ಹಲಗೆಯ ಮೇಲೆ ಬರೆದೆ, ದೊಡ್ಡದಾಗಿ,
ಮೊದಲ ಸಲ ಅಕ್ಷರ ತಿದ್ದುವವರ ಹಾಗೆ.
ತಿದ್ದಲಿಲ್ಲ.
ಹೋಗುವಾಗ ಅಳಿಸಲೂ ಇಲ್ಲ.

ಮಧ್ಯಾಹ್ನ ಬಾಗಿಲ ಸಂದಿಯಿಂದ ಕಂಡೆ:
ಉಬ್ಬರವಿಳಿತದ ಲೆಕ್ಕ ಹೇಳಿಕೊಡುವ ಯಾಕುಪ್
ಅದನ್ನು ಮುಟ್ಟದೆ,
ಬಂಡೆಯೊಂದನ್ನು ಬಳಸಿ ದೋಣಿ ನಡೆಸುವಂತೆ
ತನ್ನ ಸಮೀಕರಣವನ್ನು ಸುತ್ತಿ ಸುತ್ತಿ ಬರೆಯುತ್ತಿದ್ದ.